ಕಷ್ಟದ ದಿನಗಳಲ್ಲಿ ಕೊಟ್ಟಿಗೆಯ ಆಸರೆ

(ಹಾಲು ಉತ್ಪಾದಕರ ಸಹಕಾರ ಸಂಘಗಳ ಕಾರ್ಯದರ್ಶಿಗಳು ಹಾಗೂ ಮಹಿಳಾ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಇಂಥ ಶಿಬಿರಗಳಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಹಾಲಿನ ಜಿಡ್ಡಿನಂಶ, ಹಸಿರು ಮೇವು, ಕರುಗಳ ಪಾಲನೆ ಮುಂತಾದವುಗಳ ಬಗ್ಗೆ ಮಾತನಾಡುತ್ತೇನೆ. ಇವೆಲ್ಲ ಬಟವಾಡೆಯ ದಿನ ಲೆಕ್ಕಕ್ಕೆ ಬರುವ ವಿಷಯಗಳು. ಇಂದು ಲೆಕ್ಕದ ಪುಸ್ತಕಕ್ಕೆ ಬಾರದ ಒಂದು ವಿಷಯವನ್ನು ತಮ್ಮ ಮುಂದೆ ಇಡುತ್ತೇನೆ. ಮನೆಗೆ ಸಾವು, ಕಾಯಿಲೆ, ಸಾಲ, ಬರ ಇವುಗಳಲ್ಲಿ ಯಾವುದಾದರೂ ಬಂದಾಗ ಆ ಮನೆಯ ಹಸು, ಎಮ್ಮೆ, ನಾಯಿ, ಬೆಕ್ಕು ಮನುಷ್ಯನಿಗೆ ಕೊಡುವ ಸಮಾಧಾನ ಎಂಥದು, ಅದನ್ನು ಉಳಿಸಲು ನಮ್ಮ ಸಂಘಗಳು ಏನು ಮಾಡಬಹುದು ಎಂಬುದೇ ಆ ವಿಷಯ.

ಸಾಕುಪ್ರಾಣಿಯ ಒಡನಾಟ ಎಂದ ಕೂಡಲೇ ಪಟ್ಟಣದ ಮನೆಯ ಸೋಫಾದ ಮೇಲೆ ಮಲಗುವ ನಾಯಿ ನೆನಪಿಗೆ ಬರುತ್ತದೆ. ನಮ್ಮ ಕೊಟ್ಟಿಗೆಯ ಹಸುವಿಗೂ ಒಡನಾಟಕ್ಕೂ ಏನು ಸಂಬಂಧ, ಅದು ಜೀವನೋಪಾಯವಲ್ಲವೇ ಎಂದು ಕೆಲವರು ಕೇಳಬಹುದು. ಜೀವನೋಪಾಯ ನಿಜ. ಆದರೆ ಹಸುವಿಗೆ ಹೆಸರಿಟ್ಟು ಕರೆಯುವವರು, ಸಂಕ್ರಾಂತಿಯ ದಿನ ಮೈತೊಳೆದು ಕೊಂಬಿಗೆ ಬಣ್ಣ ಹಚ್ಚಿ ಕಿಚ್ಚು ಹಾಯಿಸುವವರು ನಾವೇ. ಒಂದೇ ಪ್ರಾಣಿ ದುಡಿಮೆಗೂ ಜೊತೆ, ಮನಸ್ಸಿಗೂ ಜೊತೆ. ಹೀಗಿರುವುದರಿಂದಲೇ ನಮ್ಮ ಮನೆಗಳಲ್ಲಿ ಅದರ ಅಗಲಿಕೆ ಎರಡು ಪಟ್ಟು ನೋವು ಕೊಡುತ್ತದೆ.

ಬೆಳಗಿನ ಕೂಗು

ಗಂಡ ತೀರಿಕೊಂಡ ಮನೆಗಳಿಗೆ ಹಸುವಿನ ಚಿಕಿತ್ಸೆಗೆಂದು ನಾನು ಅನೇಕ ಸಲ ಹೋಗಿದ್ದೇನೆ. ಹನ್ನೊಂದನೆಯ ದಿನದ ಕಾರ್ಯ ಮುಗಿಯುವ ಮೊದಲೇ ನೆಂಟರು, "ಇನ್ನು ನಿನ್ನ ಕೈಲಿ ಆಗುತ್ತದೆಯೇ? ಹಸು ಮಾರಿಬಿಡು" ಎಂದು ಹೇಳುವುದನ್ನು ಕೇಳಿದ್ದೇನೆ. ಅವರು ಹೇಳುವುದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಅಂಥ ಮನೆಯ ತಾಯಿಯೊಬ್ಬರು ನನಗೆ ಹೇಳಿದ ಮಾತು ಹೀಗಿತ್ತು: "ಬೆಳಿಗ್ಗೆ ನಾಲ್ಕೂವರೆಗೆ ಅದು ಕೂಗ್ತದೆ ಡಾಕ್ಟ್ರೇ. ಅದು ಕೂಗಿದ್ರೆ ನಾನು ಏಳ್ತೀನಿ. ಅದೂ ಇಲ್ದಿದ್ರೆ ನಾನು ಯಾಕೆ ಏಳ್ಬೇಕು?"

ಈ ಮಾತಿನಲ್ಲಿ ದೊಡ್ಡ ಸತ್ಯವಿದೆ. ದುಃಖದಲ್ಲಿರುವವರಿಗೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟ. ಊಟ ಬೇಡ, ಮಾತು ಬೇಡ ಎನ್ನಿಸುತ್ತದೆ. ತನಗಾಗಿ ಒಲೆ ಹಚ್ಚದವರೂ ಹಸುವಿಗೆ ಹುಲ್ಲು ಹಾಕದೆ ಇರಲಾರರು. ಸಗಣಿ ಬಾಚಬೇಕು, ನೀರು ತೋರಿಸಬೇಕು, ಹಾಲು ಕರೆಯಬೇಕು. ಒಂದು ಕೆಲಸದ ಹಿಂದೆ ಇನ್ನೊಂದು ಬಂದು ದಿನ ಸಾಗುತ್ತದೆ. "ಸಮಾಧಾನ ಮಾಡಿಕೋ" ಎಂದು ಹತ್ತು ಜನ ಹೇಳಿದರೂ ಆಗದ ಕೆಲಸವನ್ನು ಹಸಿದ ಹಸುವಿನ ಒಂದು ಕೂಗು ಮಾಡುತ್ತದೆ. ಯಾರೋ ನಮ್ಮನ್ನು ಸಾಕುತ್ತಿದ್ದಾರೆ ಎಂಬ ಭಾವನೆಗಿಂತ, ಒಂದು ಜೀವ ನಮ್ಮನ್ನು ನಂಬಿದೆ ಎಂಬ ಭಾವನೆ ಮನುಷ್ಯನನ್ನು ಹೆಚ್ಚು ಗಟ್ಟಿಯಾಗಿ ಹಿಡಿದು ನಿಲ್ಲಿಸುತ್ತದೆ.

ವೈದ್ಯರು ಕಂಡುಕೊಂಡದ್ದು

ಇದು ಬರೀ ಹಳ್ಳಿಯ ನಂಬಿಕೆಯಲ್ಲ. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ವಿಲಿಯಂ ಟ್ಯೂಕ್ ಎಂಬುವರ ಪ್ರಯತ್ನದಿಂದ 1796ರಲ್ಲಿ ಮಾನಸಿಕ ರೋಗಿಗಳ ಆಶ್ರಯಧಾಮವೊಂದು ಆರಂಭವಾಯಿತು. ಇಂಥ ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿಹಾಕುತ್ತಿದ್ದ ಕಾಲ ಅದು. ಅಲ್ಲಿ ಮಾತ್ರ ಅಂಗಳದಲ್ಲಿ ಮೊಲ, ಕೋಳಿಗಳನ್ನು ಬಿಟ್ಟು, ರೋಗಿಗಳು ಅವುಗಳೊಂದಿಗೆ ಕಾಲ ಕಳೆಯಲು ಅವಕಾಶ ಮಾಡಿಕೊಟ್ಟರು. ದಾದಿಯರ ವೃತ್ತಿಗೆ ಗೌರವ ತಂದ ಫ್ಲಾರೆನ್ಸ್ ನೈಟಿಂಗೇಲ್ ಅವರು 1859-60ರಲ್ಲಿ ಹೊರಬಂದ ತಮ್ಮ ಶುಶ್ರೂಷೆಯ ಪುಸ್ತಕದಲ್ಲಿ, ಬಹುಕಾಲ ಹಾಸಿಗೆ ಹಿಡಿದ ರೋಗಿಗಳಿಗೆ ಪುಟ್ಟ ಸಾಕುಪ್ರಾಣಿ ಒಳ್ಳೆಯ ಸಂಗಾತಿ ಎಂದು ಬರೆದಿದ್ದಾರೆ.

1980ರಲ್ಲಿ ಅಮೆರಿಕದಲ್ಲಿ ಎರಿಕಾ ಫ್ರೀಡ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಹೃದ್ರೋಗಕ್ಕೆ ಚಿಕಿತ್ಸೆ ಪಡೆದು ಮನೆಗೆ ಹೋದ 92 ಜನರನ್ನು ಒಂದು ವರ್ಷ ಗಮನಿಸಿದ ವಿವರ ಪ್ರಕಟಿಸಿದರು. ಸಾಕುಪ್ರಾಣಿ ಇದ್ದ 53 ಜನರಲ್ಲಿ 3 ಜನ, ಇಲ್ಲದ 39 ಜನರಲ್ಲಿ 11 ಜನ ಆ ವರ್ಷದೊಳಗೆ ತೀರಿಕೊಂಡಿದ್ದರು. ಇದು ಸಣ್ಣ ಅಧ್ಯಯನ. ಮುಂದೆ ನಡೆದ ಎಲ್ಲ ಅಧ್ಯಯನಗಳೂ ಇದೇ ಫಲ ಕೊಟ್ಟಿಲ್ಲ. ನಾಯಿ ಸಾಕಿದರೆ ಹೃದಯದ ಕಾಯಿಲೆ ಬರುವುದಿಲ್ಲ ಎಂದು ಯಾರೂ ತಿಳಿಯಬಾರದು. ಆದರೆ ಒಂಟಿತನ ಆರೋಗ್ಯಕ್ಕೆ ಕೆಟ್ಟದ್ದೆಂಬ ವಿಷಯದಲ್ಲಿ ವೈದ್ಯರಲ್ಲಿ ಇಂದು ಭಿನ್ನಾಭಿಪ್ರಾಯವಿಲ್ಲ.

ಇನ್ನೊಂದು ಅಂಶ ಹಾಲು ಕರೆಯುವ ನಮಗೆ ಬೇಗ ಅರ್ಥವಾಗುವಂಥದು. ಕರು ಮೊಲೆ ಗುದ್ದಿದಾಗ ಅಥವಾ ನಾವು ಕೆಚ್ಚಲು ತೊಳೆದು ಸವರಿದಾಗ ಹಸುವಿನ ರಕ್ತದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹರಿದು ಅದು ಹಾಲು ಇಳಿಸುತ್ತದೆ. ಹೊಡೆದು ಬಡಿದು ಹೆದರಿಸಿದರೆ ಹಾಲು ಕಟ್ಟುತ್ತದೆ. ತಾಯಿ ಮಗುವಿಗೆ ಹಾಲೂಡಿಸುವಾಗಲೂ ಕೆಲಸ ಮಾಡುವುದು ಇದೇ ಹಾರ್ಮೋನು. ನಾಯಿ ಮತ್ತು ಅದರ ಒಡೆಯ ಒಬ್ಬರನ್ನೊಬ್ಬರು ಹೆಚ್ಚು ಹೊತ್ತು ನೋಡಿಕೊಂಡಾಗ ಇಬ್ಬರ ಮೈಯಲ್ಲೂ ಇದರ ಪ್ರಮಾಣ ಏರುತ್ತದೆಂದು ಜಪಾನಿನ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ಅಂದರೆ ಪ್ರೀತಿ ಎಂಬುದು ಮೈಯಲ್ಲೇ ನಡೆಯುವ ಕ್ರಿಯೆ, ಮತ್ತು ಅದು ಎರಡೂ ಕಡೆ ನಡೆಯುತ್ತದೆ.

ಹಸುವಿಗೆ ಹೆಸರಿಡುವುದೂ ವ್ಯರ್ಥವಲ್ಲ. ನಮ್ಮ ಗೋವಿನ ಹಾಡಿನ ಗೊಲ್ಲ ಪ್ರತಿ ಹಸುವನ್ನೂ ಹೆಸರು ಹಿಡಿದೇ ಕರೆಯುತ್ತಾನೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 516 ಹೈನುಗಾರರನ್ನು ವಿಚಾರಿಸಿ, ಹಸುಗಳನ್ನು ಹೆಸರಿಟ್ಟು ಕರೆಯುವ ಕಡೆ ಒಂದು ಸೂಲಿಗೆ ಸರಾಸರಿ 258 ಲೀಟರ್ ಹೆಚ್ಚು ಹಾಲು ಸಿಗುತ್ತಿತ್ತೆಂದು 2009ರಲ್ಲಿ ವರದಿ ಮಾಡಿದರು. ಹೆಸರೇ ಹಾಲು ಕೊಡುವುದಿಲ್ಲ. ಹೆಸರಿಡುವವನು ಹಸುವನ್ನು ಗಮನಿಸುತ್ತಾನೆ, ಗಮನಿಸಿದ ಹಸು ನೆಮ್ಮದಿಯಿಂದಿರುತ್ತದೆ, ಅಷ್ಟೇ.

ಬಿಟ್ಟು ಬರಲಾರದ ನಂಟು

2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬಂದಾಗ, ಸಾಕುಪ್ರಾಣಿಗಳನ್ನು ಬಿಟ್ಟು ಬರಲಾರೆವೆಂದು ಅನೇಕರು ಮುಳುಗುವ ಮನೆಗಳಲ್ಲೇ ಉಳಿದರು. ಅದರಿಂದ ಪಾಠ ಕಲಿತ ಅಲ್ಲಿನ ಸರ್ಕಾರ, ವಿಪತ್ತಿನ ಯೋಜನೆ ಮಾಡುವಾಗ ಸಾಕುಪ್ರಾಣಿಗಳ ರಕ್ಷಣೆಯನ್ನೂ ಸೇರಿಸಬೇಕೆಂದು 2006ರಲ್ಲಿ ಕಾನೂನು ತಂದಿತು. ನಮ್ಮಲ್ಲಿ 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರುಗಳಿಗೆ ನೀರು ನುಗ್ಗಿದಾಗಲೂ ಜನ ಪಾತ್ರೆಪಗಡೆ ಬಿಟ್ಟರು, ದನಕರುಗಳ ಹಗ್ಗ ಹಿಡಿದು ಹೊರಟರು. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮೇವಿಲ್ಲದೆ ಸಂತೆಗೆ ಹಸು ಹೊಡೆದುಕೊಂಡು ಹೋದವನು, ಮಾರಿದ ಮೇಲೆ ಬರಿಯ ಹಗ್ಗ ಹಿಡಿದು ಮನೆಗೆ ಬಂದಾಗ ಅವನ ಮುಖ ಹೇಗಿರುತ್ತದೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಕೊಟ್ಟಿಗೆ ಬರಿದಾದಾಗ

2013ರಲ್ಲಿ ಕಾಲುಬಾಯಿ ಜ್ವರ, 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದಲ್ಲಿ ಸಾವಿರಾರು ರಾಸುಗಳನ್ನು ಬಲಿ ತೆಗೆದುಕೊಂಡವು. ಆ ದಿನಗಳಲ್ಲಿ ಗುಂಡಿ ತೋಡಿ, ಸುಣ್ಣ ಹಾಕಿ, ಹೂಳುವುದನ್ನು ನಿಂತು ನೋಡಿದವರು ಇಲ್ಲಿಯೂ ಇದ್ದೀರಿ. ಮಕ್ಕಳು ಶಾಲೆಗೆ ಹೋಗಲು ಒಪ್ಪದೆ ಅತ್ತದ್ದುಂಟು. ದೊಡ್ಡವರು ಅಳಲಿಲ್ಲ, ಏಕೆಂದರೆ ದನ ಸತ್ತದ್ದಕ್ಕೆ ಅತ್ತರೆ ಜನ ನಗುತ್ತಾರೆಂಬ ಸಂಕೋಚ. ಮನುಷ್ಯ ಸತ್ತರೆ ಊರೇ ಬಂದು ಕೂರುತ್ತದೆ. ಹಸು ಸತ್ತರೆ, "ವಿಮೆ ಇತ್ತೇ? ಎಷ್ಟು ಬಂತು?" ಎಂದು ಕೇಳಿ ಹೋಗುತ್ತಾರೆ.

ವಿಮೆ ಬೇಕು. ರಾಸು ಸತ್ತ ಕೂಡಲೇ ಸಂಘಕ್ಕೂ ಪಶುವೈದ್ಯರಿಗೂ ತಿಳಿಸಬೇಕು, ಕಿವಿಯೋಲೆಯನ್ನು ಜೋಪಾನವಾಗಿಡಬೇಕು. ಇದನ್ನು ಮರೆಯಬಾರದು. ಆದರೆ ಹಣ ಬಂದ ಮಾತ್ರಕ್ಕೆ ಖಾಲಿ ಗೂಟ ನೋಡುವ ಸಂಕಟ ತೀರುವುದಿಲ್ಲ. "ಒಂದು ಹೋದರೆ ಇನ್ನೊಂದು ಕಟ್ಟಿದರಾಯಿತು" ಎಂಬ ಮಾತನ್ನು ಮೊದಲ ವಾರದಲ್ಲಿ ದಯವಿಟ್ಟು ಯಾರೂ ಆಡಬೇಡಿ. "ಒಳ್ಳೆಯ ಹಸು, ಎಷ್ಟು ಸಾಧುವಾಗಿತ್ತು" ಎನ್ನಿ. ಅಷ್ಟು ಸಾಕು.

ದಿನಕ್ಕೆ ಎರಡು ಸಲ

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಹಸು ಮನುಷ್ಯನಿಗೆ ತಾನು ಜೊತೆಯಾಗುವುದಷ್ಟೇ ಅಲ್ಲ, ಅವನನ್ನು ಬೇರೆ ಮನುಷ್ಯರ ಬಳಿಗೂ ಕರೆದುಕೊಂಡು ಹೋಗುತ್ತದೆ. ಒಂಟಿ ಮುದುಕಿ, ಮಗನನ್ನು ಕಳೆದುಕೊಂಡ ತಂದೆ, ಸಾಲದ ಚಿಂತೆಯಲ್ಲಿ ಯಾರ ಮುಖವನ್ನೂ ನೋಡಲು ಬಯಸದ ರೈತ, ಇವರು ಮದುವೆಗೆ ಬರುವುದಿಲ್ಲ, ಜಾತ್ರೆಗೆ ಬರುವುದಿಲ್ಲ. ಆದರೆ ಹಾಲು ಹಾಕಲು ದಿನಕ್ಕೆ ಎರಡು ಸಲ ಡೇರಿಗೆ ಬರುತ್ತಾರೆ. ಸರದಿಯಲ್ಲಿ ನಿಲ್ಲುತ್ತಾರೆ. ಮುಂದಿನವರು "ಕರು ಹೇಗಿದೆ?" ಎಂದು ಕೇಳಿದರೆ ಉತ್ತರ ಕೊಡುತ್ತಾರೆ. ತನ್ನ ವಿಷಯ ಹೇಳಿಕೊಳ್ಳಲಾಗದವನೂ ಹಸುವಿನ ವಿಷಯ ಹೇಳುತ್ತಾನೆ. ಎಷ್ಟೋ ಮನೆಗಳಿಗೆ ಹೊರಗಿನ ಲೋಕದೊಂದಿಗೆ ಉಳಿದಿರುವ ಒಂದೇ ದಾರಿ ಇದು.

ಹಾಗೆ ಬರುತ್ತಿದ್ದವರು ಬಾರದೆ ಹೋದರೆ ಮೊದಲು ತಿಳಿಯುವುದು ಯಾರಿಗೆ? ನೆಂಟರಿಗಲ್ಲ, ಸಂಘದ ಕಾರ್ಯದರ್ಶಿಗೆ. ನಿಮ್ಮ ದಾಖಲೆಯಲ್ಲಿ ಆ ಸದಸ್ಯರ ಸಂಖ್ಯೆಯ ಮುಂದೆ ಜಾಗ ಖಾಲಿ ಉಳಿಯುತ್ತದೆ. ಹಸು ಬತ್ತಿಲ್ಲ, ಊರಿಗೆ ಹೋಗಿಲ್ಲ, ಆದರೂ ಎರಡು ಹೊತ್ತು ಹಾಲು ಬಂದಿಲ್ಲವೆಂದರೆ ಒಬ್ಬರು ಆ ಮನೆಯ ಬಾಗಿಲಿಗೆ ಹೋಗಿ ವಿಚಾರಿಸಿ. ಹೀಗೆ ವಿಚಾರಿಸುವುದರಿಂದ ಒಂದು ಜೀವ ಉಳಿಯಬಹುದು.

ಕೆಲವು ಎಚ್ಚರಿಕೆಗಳು

ಪ್ರಾಣಿ ಸಂಗಾತಿಯಾಗಬಹುದು, ವೈದ್ಯನಾಗಲಾರದು. ನಿದ್ರೆ ಹೋದವರು, ಊಟ ಬಿಟ್ಟವರು, "ನಾನಿದ್ದು ಏನು ಪ್ರಯೋಜನ" ಎನ್ನುವವರು ಮನೆಯಲ್ಲಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು.

ಒಡನಾಟ ಕ್ಷೇಮವಾಗಿಯೂ ಇರಬೇಕು. ಮನೆಯ ನಾಯಿಗೆ ಪ್ರತಿ ವರ್ಷ ರೇಬೀಸ್ ಲಸಿಕೆ ಹಾಕಿಸಿ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಹಸು ಜೊಲ್ಲು ಸುರಿಸುತ್ತ ವಿಚಿತ್ರವಾಗಿ ಕೂಗುತ್ತಿದ್ದರೆ, ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯೊಳಗೆ ಕೈ ಹಾಕಬೇಡಿ, ಪಶುವೈದ್ಯರನ್ನು ಕರೆಯಿರಿ. ಕಂದು ಹಾಕುವ ಬ್ರುಸೆಲ್ಲೋಸಿಸ್ ರೋಗ ಮನುಷ್ಯರಿಗೂ ಬರುತ್ತದೆ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಲಸಿಕೆ ಹಾಕಿಸಿ, ಹಾಲು ಕಾಯಿಸಿ ಕುಡಿಯಿರಿ.

ವಯಸ್ಸಾದವರಿಗೆ ದೊಡ್ಡ ಮಿಶ್ರತಳಿ ಹಸುವನ್ನು ನಿಭಾಯಿಸಲು ನಿಜಕ್ಕೂ ಆಗದಿರಬಹುದು. ಆಗ ಪ್ರೀತಿಯ ಹೆಸರಿನಲ್ಲಿ ಹಸುವನ್ನು ಉಪವಾಸ ಕೆಡಹುವುದು ಸರಿಯಲ್ಲ. ಹಸುವನ್ನು ಅದೇ ಬೀದಿಯ ಸದಸ್ಯರಿಗೆ ಕೊಟ್ಟು, ಹಿರಿಯರು ದಿನಾ ಹೋಗಿ ಮೈದಡವಿ ಬರುವಂತೆ ಮಾಡಬಹುದು. ಒಂದು ಕರುವನ್ನೋ, ಎರಡು ಕೋಳಿಯನ್ನೋ ಅವರ ಪಾಲಿಗೆ ಉಳಿಸಬಹುದು. ಅಂಗಳ ಪೂರ್ತಿ ಬರಿದಾಗದಿರಲಿ.

ಸಂಘಗಳಲ್ಲಿ ನನ್ನ ಕೋರಿಕೆ

1. ಸಾವು ಅಥವಾ ದೊಡ್ಡ ಕಾಯಿಲೆ ಬಂದ ಸದಸ್ಯರ ಮನೆಯ ರಾಸುಗಳ ಮೇವು, ಹಾಲು ಕರೆಯುವ ಕೆಲಸವನ್ನು ಮೊದಲ ಹದಿನೈದು ದಿನ ನೆರೆಯ ಸದಸ್ಯರು ಸರದಿಯಂತೆ ಮಾಡಿಕೊಡಲಿ. ಮಾರುವ ತೀರ್ಮಾನಕ್ಕೆ ಆತುರ ಬೇಡ.

2. ಬರಗಾಲದಲ್ಲಿ ಒಂದೇ ರಾಸು ಇರುವ ವಿಧವೆಯರು ಮತ್ತು ವೃದ್ಧರ ಪಟ್ಟಿಯನ್ನು ಸಂಘ ಇಟ್ಟುಕೊಳ್ಳಲಿ. ಮೇವು ಬಂದಾಗ ಅವರಿಗೆ ಮೊದಲು ಸಿಗಲಿ.

3. ಎರಡು ಹೊತ್ತು ಹಾಲು ಬಾರದ ಮನೆಯನ್ನು ಕಾರ್ಯದರ್ಶಿ ವಿಚಾರಿಸಲಿ.

4. ರಾಸು ಸತ್ತ ಮನೆಗೆ ಆಡಳಿತ ಮಂಡಳಿಯ ಒಬ್ಬ ಸದಸ್ಯರಾದರೂ ಹೋಗಿ ಬರಲಿ. ಹಾಲು ಹಾಕಲು ಇಲ್ಲದಿದ್ದರೂ ಅವರನ್ನು ಡೇರಿಯ ಕಟ್ಟೆಗೆ ಕರೆಯಲಿ.

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಡ, ಬೈಲಾ ತಿದ್ದುಪಡಿ ಬೇಡ. ನಮ್ಮದು ಸಹಕಾರ ಸಂಘ. ಹಾಲಿನಲ್ಲಿ ತೋರಿದ ಸಹಕಾರವನ್ನು ಕಷ್ಟದಲ್ಲಿಯೂ ತೋರೋಣ. ಇಲ್ಲಿಂದ ಊರಿಗೆ ಹೋದ ಮೇಲೆ ಇಂದು ಸಂಜೆಯ ಹಾಲಿನ ಹೊತ್ತಿಗೆ ಸರದಿಯಲ್ಲಿ ಯಾರು ಕಾಣುತ್ತಿಲ್ಲ ಎಂದು ಒಮ್ಮೆ ನೋಡಿ.