ಆಚರಣೆಗೆ ಮುನ್ನ ಮಿತಿ: ಮನೆಯ ಸಿಂಗಾರ, ಕೈಕೆಲಸ ಮತ್ತು ಪರಿಗ್ರಹ ಪರಿಮಾಣ



ಇಂದಿನ ವಿಷಯ ಮನೆಯ ಸಿಂಗಾರ ಮತ್ತು ಮನೆಯವರೇ ಕೈಯಾರೆ ನಡೆಸುವ ಸಮಾರಂಭ. ತೋರಣ, ರಂಗವಲ್ಲಿ, ತೊಟ್ಟಿಲ ಅಲಂಕಾರಗಳ ಮಾತಿಗೆ ಸಮಾಜದ ಸಭೆಯ ಸಮಯವೇಕೆ ಎಂದು ಕೆಲವರು ಕೇಳಬಹುದು. ಆದರೆ ಸಂಬಳದಿಂದ ಬದುಕುವ ಅನೇಕ ಕುಟುಂಬಗಳ ಸಾಲದ ಪತ್ರಗಳನ್ನು ತೆರೆದರೆ, ಮನೆಸಾಲ ಹಾಗೂ ವಿದ್ಯಾಭ್ಯಾಸದ ಸಾಲದ ಪಕ್ಕದಲ್ಲೇ ಇನ್ನೊಂದು ಸಾಲು ಕಣ್ಣಿಗೆ ಬೀಳುತ್ತದೆ. ಅದು ಸಮಾರಂಭಕ್ಕಾಗಿ ತೆಗೆದ ವೈಯಕ್ತಿಕ ಸಾಲ. ಮನೆಸಾಲ ತೀರಿದಾಗ ಮನೆ ಉಳಿಯುತ್ತದೆ, ವಿದ್ಯಾಭ್ಯಾಸದ ಸಾಲ ತೀರಿದಾಗ ವಿದ್ಯೆ ಉಳಿಯುತ್ತದೆ. ಈ ಮೂರನೆಯ ಸಾಲ ತೀರಿದಾಗ ಉಳಿಯುವುದು ಒಂದಿಷ್ಟು ಛಾಯಾಚಿತ್ರಗಳು ಮಾತ್ರ.

ಗೃಹಸ್ಥನಿಗೆ ಹೇಳಿದ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಎಲ್ಲವನ್ನೂ ತ್ಯಜಿಸುವುದು ಮುನಿಗಳ ಮಾರ್ಗ. ಅಳತೆ ಹಾಕಿಕೊಂಡು ಬದುಕುವುದು ಶ್ರಾವಕನ ಮಾರ್ಗ. ಉಮಾಸ್ವಾಮಿಗಳ ತತ್ತ್ವಾರ್ಥ ಸೂತ್ರವು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಹೊಲ ಮನೆ, ಚಿನ್ನ ಬೆಳ್ಳಿ, ಧನ ಧಾನ್ಯಗಳ ಜೊತೆಗೆ ಬಟ್ಟೆ ಪಾತ್ರೆಗಳಂಥ ಗೃಹೋಪಕರಣಗಳನ್ನೂ ಸೇರಿಸಿದೆ. ತಾನೇ ಹಾಕಿಕೊಂಡ ಅಳತೆಯನ್ನು ಇವುಗಳಲ್ಲಿ ಮೀರುವುದೇ ದೋಷ. ಅಂದರೆ ಅಳತೆ ಮೊದಲು, ವಸ್ತು ಆಮೇಲೆ. ಲೆಕ್ಕಪತ್ರದ ಭಾಷೆಯಲ್ಲಿ ಇದನ್ನೇ ಮುಂಗಡಪತ್ರವೆನ್ನುತ್ತಾರೆ. ಖರ್ಚಾದ ಮೇಲೆ ಬರೆಯುವುದು ಲೆಕ್ಕ. ಖರ್ಚಿಗೆ ಮುನ್ನ ಬರೆಯುವುದು ವ್ರತ.

ಮಾತು ಸ್ಪಷ್ಟವಾಗಲು ಒಂದು ಮನೆಯನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಬೆಳಗಾವಿಯ ಕಡೆಯಿಂದ ಬಂದು ಡೊಂಬಿವಿಲಿಯ ಎರಡು ಕೋಣೆಗಳ ಫ್ಲ್ಯಾಟಿನಲ್ಲಿ ನೆಲೆಸಿದ ಕುಟುಂಬ. ಗಂಡ ಹೆಂಡತಿ, ವೃದ್ಧ ತಾಯಿ, ಒಂದು ಹೆಣ್ಣುಮಗು. ಇಂಥ ಮನೆ ಪುಣೆಯಲ್ಲೂ ಇದೆ, ಚೆನ್ನೈಯಲ್ಲೂ ಇದೆ. ಮಗುವಿನ ಮೊದಲ ಹುಟ್ಟುಹಬ್ಬ ಬಂತು. ಸಹೋದ್ಯೋಗಿಯೊಬ್ಬರು ಸಭಾಂಗಣದಲ್ಲಿ ಮಾಡಿದ್ದರು. ಆದ್ದರಿಂದ ಇವರೂ ಸಭಾಂಗಣ ಹಿಡಿದರು. 250 ಜನರಿಗೆ ಊಟ, ಬಲೂನಿನ ಕಮಾನು, ದೀಪಗಳ ಗೋಡೆ, ಛಾಯಾಚಿತ್ರಗ್ರಾಹಕರು. ಒಟ್ಟು ಖರ್ಚು 3,00,000 ರೂಪಾಯಿ, ಎಲ್ಲವೂ ಸಾಲ. ವರ್ಷಕ್ಕೆ ಶೇಕಡಾ 14ರ ಬಡ್ಡಿ, 36 ತಿಂಗಳ ಅವಧಿ. ತಿಂಗಳ ಕಂತು ಸುಮಾರು 10,250 ರೂಪಾಯಿ. ಮೂರು ವರ್ಷಗಳಲ್ಲಿ ಕಟ್ಟಿದ್ದು ಸುಮಾರು 3,69,000. ಮಗುವಿನ ನಾಲ್ಕನೆಯ ಹುಟ್ಟುಹಬ್ಬದವರೆಗೂ ಮೊದಲನೆಯದರ ಕಂತು ನಡೆಯುತ್ತಿತ್ತು. ಈ ನಡುವೆ ತಾಯಿಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಎರಡು ಬಾರಿ ಮುಂದಕ್ಕೆ ಹೋಯಿತು.

ಆ ಲೆಕ್ಕದಲ್ಲಿ ಇನ್ನೊಂದು ಸಣ್ಣ ಅಂಕಿಯಿದೆ. ಅಲಂಕಾರದ ಬಿಲ್ಲು 60,000 ರೂಪಾಯಿ. ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 10,800 ರೂಪಾಯಿ. ವ್ಯಾಪಾರಿಯಾದರೆ ತಾನು ಕೊಟ್ಟ ತೆರಿಗೆಯನ್ನು ಬಹಳಷ್ಟು ಸಂದರ್ಭಗಳಲ್ಲಿ ಜಮಾ ಪಡೆಯಬಲ್ಲ. ಗೃಹಸ್ಥನಿಗೆ ಆ ದಾರಿಯಿಲ್ಲ. ಕೊಟ್ಟದ್ದು ಕೊಟ್ಟ ಹಾಗೆಯೇ. ಈ 10,800ರ ಅಂಕಿಯನ್ನು ನೆನಪಿನಲ್ಲಿಡಬೇಕು.

ಸಾಲಕ್ಕಿಂತ ದೊಡ್ಡ ನಷ್ಟ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಗಂಡನ ಸೋದರತ್ತೆ, ಊರಿನಲ್ಲಿ ಒಬ್ಬರೇ ಇರುವ ವಿಧವೆ, ಆ ಹುಟ್ಟುಹಬ್ಬಕ್ಕೆ ಬರಲಿಲ್ಲ. ಮೊಣಕಾಲು ನೋವೆಂದು ಹೇಳಿ ಕಳುಹಿಸಿದ್ದರು. ನಿಜವಾದ ಕಾರಣ ತಿಳಿದದ್ದು ಎಷ್ಟೋ ದಿನಗಳ ಮೇಲೆ. "ಮುಯ್ಯಿ ತಿರುಗಿಸಾಕ ಆಗದವರು ಅಂಥಾ ಕಡೆ ಹ್ಯಾಂಗ ಬರಬೇಕೋ, ತಮ್ಮಾ?" ಎಂದರು ಅವರು.

ಸಮಾಜ ಯೋಚಿಸಬೇಕಾದದ್ದು ಈ ಒಂದು ಪ್ರಶ್ನೆಯನ್ನೇ. ಮುಯ್ಯಿ ಎಂಬುದು ಮೂಲದಲ್ಲಿ ಪರಸ್ಪರ ನೆರವಿನ ವ್ಯವಸ್ಥೆ. ಒಂದು ಮನೆಯ ಖರ್ಚಿಗೆ ಹತ್ತು ಮನೆಗಳು ಕೈಹಚ್ಚುವುದು ಅದರ ಉದ್ದೇಶ. ಸಮಾರಂಭದ ಗಾತ್ರ ಬೆಳೆದಂತೆ ಮುಯ್ಯಿಯ ಗಾತ್ರವೂ ಬೆಳೆದು, ನೆರವು ಹೊರೆಯಾಯಿತು. ಆದಾಯ ತೆರಿಗೆಯ ಕಾನೂನು ಕೂಡ ಇಲ್ಲಿ ಭೇದ ಮಾಡುತ್ತದೆ. ಮದುವೆಯಲ್ಲಿ ವಧೂವರರಿಗೆ ಬಂದ ಉಡುಗೊರೆಗೆ ತೆರಿಗೆಯಿಲ್ಲ. ಹುಟ್ಟುಹಬ್ಬ, ನಾಮಕರಣ, ಗೃಹಪ್ರವೇಶಗಳಲ್ಲಿ ಕಾನೂನು ಹೇಳುವ ಬಂಧುವರ್ಗದ ಹೊರಗಿನವರಿಂದ ಬಂದ ಹಣ ವರ್ಷಕ್ಕೆ ಒಟ್ಟು 50,000 ರೂಪಾಯಿ ಮೀರಿದರೆ ಆ ಪೂರ್ತಿ ಮೊತ್ತ ಆದಾಯವೆನಿಸುತ್ತದೆ. ಖರ್ಚನ್ನು ಲಕೋಟೆಗಳಿಂದ ಹಿಂಪಡೆಯಬಹುದೆಂಬ ಲೆಕ್ಕಾಚಾರ ಸ್ನೇಹಕ್ಕೂ ಒಳ್ಳೆಯದಲ್ಲ, ತೆರಿಗೆಯ ದೃಷ್ಟಿಯಿಂದಲೂ ನಿರಾತಂಕವಲ್ಲ.

ಆ ಮನೆಗೆ ಎರಡನೆಯ ಮಗು ಬಂದಾಗ ನಾಮಕರಣ ಮನೆಯಲ್ಲೇ ಎಂದು ನಿರ್ಧಾರವಾಯಿತು. ಮೊದಲು ಮಿತಿ ಬರೆದರು: 20,000 ರೂಪಾಯಿ, 60 ಜನ. ಆಮೇಲೆ ಪಟ್ಟಿ ಮಾಡಿದರು. ಹಿನ್ನೆಲೆಯ ಪರದೆಗೆ ಬಿಳಿಯ ಹತ್ತಿ ಬಟ್ಟೆ 1,200. ರಟ್ಟು, ಬಣ್ಣ, ದಾರ, ಅಂಟು 650. ಮಾವಿನೆಲೆ, ಬಾಳೆಕಂದು 500. ಅಷ್ಟದ್ರವ್ಯ ಮತ್ತು ಪೂಜಾಸಾಮಗ್ರಿ 1,450. ಊಟದ ದಿನಸಿ 10,800. ಅಡುಗೆಗೆ ನೆರವಾದವರ ಕೂಲಿ 3,000. ಪಾತ್ರೆ, ಜಮಖಾನೆಗಳ ಬಾಡಿಗೆ 1,400. ಒಟ್ಟು 19,000. ಒಂದು ಸಾವಿರ ಮಿಕ್ಕಿತು. ಹಿಂದಿನ ಸಮಾರಂಭದಲ್ಲಿ ಅಲಂಕಾರದ ತೆರಿಗೆಯಾಗಿ ಹೋದ 10,800 ರೂಪಾಯಿಯೇ ಇಲ್ಲಿ 60 ಜನರ ಊಟದ ದಿನಸಿಯಾಗಿತ್ತು.

ಅಲಂಕಾರ ಬಡವಾಗಿತ್ತೇ? ಇಲ್ಲ. ದೊಡ್ಡ ಮಗಳು ಮತ್ತು ನೆರೆಯ ಮಕ್ಕಳು 24 ದುಂಡನೆಯ ರಟ್ಟಿನ ಬಿಲ್ಲೆಗಳ ಮೇಲೆ 24 ತೀರ್ಥಂಕರರ ಲಾಂಛನಗಳನ್ನು ಬರೆದರು. ಆದಿನಾಥರ ವೃಷಭ, ಅಜಿತನಾಥರ ಆನೆ, ಚಂದ್ರಪ್ರಭರ ಚಂದ್ರ, ಶಾಂತಿನಾಥರ ಜಿಂಕೆ, ಮುನಿಸುವ್ರತರ ಆಮೆ, ನೇಮಿನಾಥರ ಶಂಖ, ಪಾರ್ಶ್ವನಾಥರ ಸರ್ಪ, ಮಹಾವೀರರ ಸಿಂಹ ಎಲ್ಲವೂ ದಾರದಲ್ಲಿ ಸಾಲಾಗಿ ತೂಗಿದವು. ಬಂದ ಮಕ್ಕಳು ಯಾವ ಲಾಂಛನ ಯಾರದೆಂದು ಒಬ್ಬರನ್ನೊಬ್ಬರು ಪರೀಕ್ಷಿಸಿದರು. ಪಾಠಶಾಲೆಯಲ್ಲಿ ಬಾಯಿಪಾಠದಿಂದ ಬಾರದದ್ದು ಒಂದು ಮಧ್ಯಾಹ್ನದಲ್ಲಿ ಬಂತು. ಬಿಳಿಯ ಪರದೆಯ ಮೇಲೆ ತ್ರಿಶಲಾದೇವಿಯ 16 ಸ್ವಪ್ನಗಳಲ್ಲಿ ಕೆಲವನ್ನು ಬಿಡಿಸಬಹುದು. ಹೊಸ್ತಿಲಿನ ರಂಗವಲ್ಲಿಯಲ್ಲಿ ಕಲಶ, ದರ್ಪಣ, ಚಾಮರ, ಛತ್ರ ಮೊದಲಾದ ಅಷ್ಟಮಂಗಲಗಳನ್ನು ಮೂಡಿಸಬಹುದು. ಇವು ಹಳೆಯ ಬಸದಿಗಳಲ್ಲಿ ಕಾಣುವ ವಿಷಯಗಳೇ. ಮನೆಗೆ ಹೊಸತಾಗಿ ತರಬೇಕಾದವಲ್ಲ.

ಸಾಮಗ್ರಿ ಕೊಳ್ಳುವಾಗಲೂ ವಿವೇಕ ಬೇಕು. ಮುಂಬಯಿಯವರಿಗೆ ಕ್ರಾಫರ್ಡ್ ಮಾರುಕಟ್ಟೆ, ಪುಣೆಯವರಿಗೆ ತುಳಶಿಬಾಗ್, ಹೈದರಾಬಾದಿನವರಿಗೆ ಬೇಗಂ ಬಜಾರ್, ದಿಲ್ಲಿಯವರಿಗೆ ಸದರ್ ಬಜಾರ್ ಹತ್ತಿರ. ಪಟ್ಟಿಯಿಲ್ಲದೆ ಅಲ್ಲಿಗೆ ಹೋದವರು ಉಳಿತಾಯ ಮಾಡಲಾರರು. ಅಗ್ಗವೆಂದು ತಂದ ಹತ್ತು ವಸ್ತುಗಳಲ್ಲಿ ಆರು ಅಟ್ಟ ಸೇರಿದರೆ ಅದೂ ಪರಿಗ್ರಹವೇ. ಥರ್ಮೋಕೋಲ್ ಅಂತೂ ಕೂಡದು. ಮಹಾರಾಷ್ಟ್ರ ಸರ್ಕಾರ 2018ರಲ್ಲೇ ಅದರ ಅಲಂಕಾರವನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಅಲಂಕಾರದ ಥರ್ಮೋಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳು ನಿಷಿದ್ಧ. ಚರಂಡಿಯ ಪ್ಲಾಸ್ಟಿಕ್ಕನ್ನು ಹಸು ತಿನ್ನುವುದನ್ನು ಕಂಡ ಅಹಿಂಸಾ ಧರ್ಮದ ಅನುಯಾಯಿಗೆ ಈ ಕಾನೂನಿನ ಅಗತ್ಯವೇ ಬೀಳಬಾರದಿತ್ತು.

ಕೇಕಿನ ವಿಷಯವನ್ನೂ ಹೇಳಲೇಬೇಕು. ಮೊಟ್ಟೆಯಿಲ್ಲದ ಕೇಕು ಎಂಬಲ್ಲಿಗೆ ಎಷ್ಟೋ ಮನೆಗಳ ವಿಚಾರಣೆ ಮುಗಿಯುತ್ತದೆ. ಆ ಕೇಕು ಮೊಲದ ಆಕಾರದಲ್ಲಿದ್ದು, ಮಗುವಿನ ಕೈಗೆ ಚಾಕು ಕೊಟ್ಟು ಅದರ ಕತ್ತನ್ನು ಕೊಯ್ಯಿಸಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕನ್ನಡ ಜೈನರಿಗೆ ಜನ್ನನ ಯಶೋಧರ ಚರಿತೆ ಗೊತ್ತಿಲ್ಲದ್ದಲ್ಲ. ಯಶೋಧರ ಕೊಂದದ್ದು ಹಿಟ್ಟಿನ ಕೋಳಿಯನ್ನು. ಆ ಸಂಕಲ್ಪ ಹಿಂಸೆಗೇ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ತೊಳಲಿದರು. ಮನೆಯ ಗೋಧಿ ಪಾಯಸ, ಗುಗ್ಗರಿ, ಲಾಡುಗಳಲ್ಲಿ ಈ ತೊಡಕಿಲ್ಲ.

ಉಳಿತಾಯದ ಒಂದು ದೊಡ್ಡ ಉಪಾಯ ಧರ್ಮದಲ್ಲೇ ಇದೆ. ರಾತ್ರಿಭೋಜನ ತ್ಯಾಗವನ್ನು ಪಾಲಿಸಿ ಸೂರ್ಯಾಸ್ತಕ್ಕೆ ಮುನ್ನ ಸಮಾರಂಭ ಮುಗಿಸಿದರೆ ದೀಪಗಳ ಗೋಡೆಯೂ ಬೇಡ, ದೀಪಕ್ಕೆ ಮುತ್ತಿ ಸಾಯುವ ಹುಳುಗಳ ಪಾಪವೂ ಇಲ್ಲ. ಕಿಟಕಿಯ ಬೆಳಕಿಗೆ ಬಾಡಿಗೆಯಿಲ್ಲ.

ಆಕ್ಷೇಪಗಳೂ ಇವೆ, ಅವನ್ನು ಮರೆಮಾಚಬಾರದು. ಕೈಕೆಲಸವೆಂದರೆ ಹೆಂಗಸರ ಮೇಲೆ ಇನ್ನಷ್ಟು ದುಡಿಮೆ ಎಂಬುದು ಮೊದಲನೆಯದು. ಇದು ನ್ಯಾಯವಾದ ಆಕ್ಷೇಪ. ದಿನವಿಡೀ ಕಚೇರಿಯಲ್ಲಿ ದುಡಿದ ಸೊಸೆ ರಾತ್ರಿ ತೋರಣ ಕಟ್ಟಿ, ಬೆಳಗಿನ ಜಾವ ಎದ್ದು 60 ಜನರ ಅಡುಗೆ ಮಾಡುವುದಾದರೆ ಅದು ಸುಧಾರಣೆಯಲ್ಲ. ಖರ್ಚನ್ನು ಒಬ್ಬಳ ಬೆನ್ನಿಗೆ ವರ್ಗಾಯಿಸಿದಂತೆ. ಆದ್ದರಿಂದ ಹಣದ ಪಟ್ಟಿಯ ಪಕ್ಕದಲ್ಲಿ ಕೆಲಸದ ಪಟ್ಟಿಯೂ ಇರಬೇಕು. ಪ್ರತಿ ಕೆಲಸದ ಮುಂದೆ ಹೆಸರಿರಬೇಕು. ಅದರಲ್ಲಿ ಅರ್ಧ ಹೆಸರುಗಳು ಗಂಡಸರವಾಗಿರಬೇಕು. ಅಡುಗೆಗೆ ಕೂಲಿ ಕೊಟ್ಟು ನೆರವು ಪಡೆಯುವುದರಲ್ಲಿ ತಪ್ಪಿಲ್ಲ.

ಎರಡನೆಯದು ಜನ ಜಿಪುಣರೆನ್ನುತ್ತಾರೆಂಬ ಭಯ. ಈ ಭಯವನ್ನು ಕಾನೂನು ತೆಗೆಯಲಾರದು. ಮದುವೆಗೆ 5 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವವರು ಅದರ ಶೇಕಡಾ 10ರಷ್ಟನ್ನು ಬಡ ಹೆಣ್ಣುಮಕ್ಕಳ ಮದುವೆಯ ನಿಧಿಗೆ ಕೊಡಬೇಕೆಂದು ರಂಜೀತ್ ರಂಜನ್ ಅವರು ಲೋಕಸಭೆಯಲ್ಲಿ 2016ರ ಖಾಸಗಿ ಸದಸ್ಯರ ಮಸೂದೆಯನ್ನು ತಂದಿದ್ದರು. ಅದು ಕಾನೂನಾಗಲಿಲ್ಲ. ವರದಕ್ಷಿಣೆ ನಿಷೇಧ ಕಾಯಿದೆ 1961ರಲ್ಲೇ ಬಂತು. ವರದಕ್ಷಿಣೆ ಇಂದಿಗೂ ಹೋಗಿಲ್ಲ. ಸಂಸತ್ತು ಕಾಯಿದೆ ಮಾಡಲಿ ಎಂದು ಕಾಯುವ ಸಮಾಜ, ಸಾವಿರಾರು ವರ್ಷಗಳಿಂದ ತನ್ನ ಬಳಿಯೇ ಇರುವ ಅಣುವ್ರತವನ್ನು ಮರೆತಿದೆ ಎಂದೇ ಅರ್ಥ. ಮಿತಿಯನ್ನು ಬಡವನು ಪಾಲಿಸಿದರೆ ಜನ ಅದನ್ನು ಅಸಹಾಯಕತೆ ಎನ್ನುತ್ತಾರೆ. ಉಳ್ಳವನು ಪಾಲಿಸಿದರೆ ಅದು ಮಾದರಿಯಾಗುತ್ತದೆ. ಆದ್ದರಿಂದ ಆರಂಭವಾಗಬೇಕಾದದ್ದು ಸಮಾಜದ ಅಧ್ಯಕ್ಷರು, ಕೋಶಾಧಿಕಾರಿಗಳು, ದೊಡ್ಡ ದಾನಿಗಳ ಮನೆಗಳಿಂದ.

ಸಮಾಜದ ಸಂಘಗಳು ಮಾಡಬಹುದಾದ ಒಂದು ಸುಲಭ ಕೆಲಸವಿದೆ. 100 ಜನರಿಗಾಗುವ ಸ್ಟೀಲು ತಟ್ಟೆ ಲೋಟಗಳು, ನಾಲ್ಕು ಜಮಖಾನೆ, ಎರಡು ಹತ್ತಿಯ ಪರದೆ, ಒಂದು ಮರದ ತೊಟ್ಟಿಲು, ಹಿತ್ತಾಳೆಯ ಕಲಶ ದೀಪಗಳನ್ನು ಒಮ್ಮೆ ಕೊಂಡು, ಒಂದು ದಾಖಲೆ ಪುಸ್ತಕವಿಟ್ಟು, ಸಣ್ಣ ಠೇವಣಿಯ ಮೇಲೆ ಮನೆಗಳಿಗೆ ಕೊಡುವುದು. ಬಡವರಿಗೆಂದು ಕೊಟ್ಟರೆ ಯಾರೂ ಒಯ್ಯುವುದಿಲ್ಲ. ಎಲ್ಲರಿಗೂ ಅದೇ ತೊಟ್ಟಿಲೆಂದಾದರೆ ಸಂಕೋಚ ಉಳಿಯುವುದಿಲ್ಲ.

ಉಳಿದ ಹಣಕ್ಕೂ ಜೈನ ಪರಂಪರೆ ದಾರಿ ತೋರಿದೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಅವಳ ಮನೆಯ ಸಮಾರಂಭಗಳು ಹೇಗಿದ್ದವೆಂದು ಇಂದು ಯಾರೂ ಕೇಳುವುದಿಲ್ಲ. ಆ ಸಾವಿರ ಪ್ರತಿಗಳ ಮಾತನ್ನು ಕನ್ನಡನಾಡು ಸಾವಿರ ವರ್ಷಗಳಿಂದ ಆಡುತ್ತಿದೆ.

ಕೊನೆಯದಾಗಿ ಮತ್ತೆ ಆ ಮನೆಗೆ ಮರಳಬಹುದು. ನಾಮಕರಣಕ್ಕೆ ಸೋದರತ್ತೆ ಬಂದರು, ಮೂರು ದಿನ ಮುಂಚೆಯೇ. ಮನೆಯ ಹೆಂಗಸರ ಹಳೆಯ ಹತ್ತಿ ಸೀರೆಗಳನ್ನು ಊರಿಗೆ ತರಿಸಿಕೊಂಡು, ಪದರ ಪದರ ಜೋಡಿಸಿ ಹೊಲಿದ ಕೌದಿ ಅವರ ಕೈಚೀಲದಲ್ಲಿತ್ತು. ತೊಟ್ಟಿಲಿಗೆ ಹಾಸಿದ್ದು ಅದನ್ನೇ. ಅಂದು ಬಂದವರೆಲ್ಲ ಕೇಳಿದ್ದು ಆ ಕೌದಿ ಯಾರದೆಂದು. ಅತ್ತೆ ಲಕೋಟೆ ಕೊಡಲಿಲ್ಲ. ಯಾರೂ ಅದನ್ನು ಗಮನಿಸಲೂ ಇಲ್ಲ. ಮಗು ಈಗಲೂ ಅದನ್ನೇ ಹೊದ್ದು ಮಲಗುತ್ತದೆ.

ಮುಂದಿನ ಸಮಾರಂಭಕ್ಕೆ ಮುನ್ನ ಪ್ರತಿ ಮನೆಯೂ ಒಂದು ಹಾಳೆಯಲ್ಲಿ ಎರಡು ಸಾಲು ಬರೆಯಲಿ. ಮೊದಲನೆಯದು, ಎಷ್ಟು ಹಣ ಮೀರಬಾರದು. ಎರಡನೆಯದು, ಬಂಧುಗಳಲ್ಲಿ ಯಾರು ಬಾರದೆ ಉಳಿಯಬಾರದು. ಮೊದಲ ಸಾಲು ಸರಿಯಾಗಿದ್ದರೆ ಎರಡನೆಯದು ಸುಲಭವಾಗುತ್ತದೆ.

ಜೈ ಜಿನೇಂದ್ರ.