ನಿಂತ ಟ್ರೇಲರಿನ ಟೈರಿಗೂ ನೆರಳು ಬೇಕು

(ಹೊನ್ನಾವರ ತಾಲೂಕಿನ ಒಂದು ಗ್ರಾಮದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗದ್ದೆಯ ಕೊಯ್ಲು ಮುಗಿದಿದೆ. ಭತ್ತ ಕಣಜ ಸೇರಿದೆ, ಹುಲ್ಲು ಬಣವೆಯಾಗಿದೆ. ಇನ್ನು ಮಳೆಗಾಲದ ಮುಂಚೆ ಗೊಬ್ಬರ ಸಾಗಿಸುವ ತನಕ ನಮ್ಮಲ್ಲಿ ಅನೇಕರ ಟ್ರೇಲರುಗಳಿಗೆ ಹೆಚ್ಚಿನ ಕೆಲಸವಿಲ್ಲ. ಅವು ಗದ್ದೆಯ ಅಂಚಿನಲ್ಲೋ ಅಂಗಳದ ಮೂಲೆಯಲ್ಲೋ ನಿಲ್ಲುತ್ತವೆ. ಓಡುವ ಗಾಡಿಯ ಟೈರು ಸವೆಯುವುದು ಎಲ್ಲರಿಗೂ ತಿಳಿದ ಮಾತು. ನಿಂತ ಗಾಡಿಯ ಟೈರೂ ಹಾಳಾಗುತ್ತದೆ ಎಂಬುದನ್ನು ತಿಳಿಸಲೆಂದೇ ಇಂದು ತಮ್ಮ ಮುಂದೆ ನಿಂತಿದ್ದೇನೆ. ವಯಸ್ಸಿನಲ್ಲಿ ನಾನು ತಮ್ಮ ಮಕ್ಕಳ ಸಮಾನ. ಕೃಷಿ ಡಿಪ್ಲೊಮಾದಲ್ಲಿ ಓದಿದ್ದು ಸ್ವಲ್ಪ, ನಿಮ್ಮ ಊರುಗಳಲ್ಲಿ ತಿರುಗಿ ಕಲಿತದ್ದು ಹೆಚ್ಚು. ತಪ್ಪಿದ್ದರೆ ತಿದ್ದಬೇಕು.

ಮೊದಲು ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ. ಕಳೆದ ವರ್ಷ ಒಬ್ಬ ರೈತರ ಟಿಲ್ಲರಿನ ಟ್ರೇಲರ್ ಕೊಯ್ಲು ಮುಗಿದಂದಿನಿಂದ ಮೇ ತಿಂಗಳ ವರೆಗೆ ಒಂದೇ ಕಡೆ ನಿಂತಿತ್ತು. ಒಂದು ಪಕ್ಕದಲ್ಲಿ ಹುಲ್ಲಿನ ಬಣವೆ, ಇನ್ನೊಂದು ಪಕ್ಕ ಪಡುವಣದ ಬಿಸಿಲಿಗೆ ತೆರೆದಿತ್ತು. ಮುರಿದ ಹಲಗೆ, ಕಲ್ಲು, ಬೇಲಿಯ ಗೂಟ ಎಲ್ಲವೂ ಅದರ ಮೇಲೆಯೇ ಇದ್ದವು. ಮೇ ಕೊನೆಯಲ್ಲಿ ಗಾಳಿ ತುಂಬಿಸಿ ಗೊಬ್ಬರ ಹೇರಿದರು. ಹೇರಿನ ಮೇಲೆ ಒಬ್ಬ ಹುಡುಗ ಕುಳಿತ. ಇಳಿಜಾರಿನಲ್ಲಿ ಪಡುವಣ ಮಗ್ಗುಲಲ್ಲಿದ್ದ ಟೈರು ಪಕ್ಕದಲ್ಲಿ ಸೀಳಿತು, ಟ್ರೇಲರ್ ವಾಲಿತು, ಹುಡುಗ ಕೆಳಗೆ ಬಿದ್ದು ಕೈ ಮುರಿದುಕೊಂಡ. ದೇವರ ದಯೆಯಿಂದ ಜೀವಕ್ಕೆ ಅಪಾಯವಾಗಲಿಲ್ಲ.

ಆಮೇಲೆ ನಾವು ಎರಡೂ ಟೈರುಗಳನ್ನು ಬಿಚ್ಚಿ ನೋಡಿದೆವು. ಎರಡನ್ನೂ ಒಂದೇ ದಿನ ಕೊಂಡದ್ದು. ನೆಲ ಮುಟ್ಟುವ ಭಾಗದ ಹಲ್ಲು ಎರಡರಲ್ಲೂ ಮುಕ್ಕಾಲು ಪಾಲು ಉಳಿದಿತ್ತು. ಬಣವೆಯ ಮಗ್ಗುಲಿನ ಟೈರು ಗಟ್ಟಿಯಾಗಿಯೇ ಇತ್ತು. ಬಿಸಿಲಿನ ಮಗ್ಗುಲಿನದರ ಪಕ್ಕದ ಗೋಡೆ ಮಾತ್ರ ಬೇಸಿಗೆಯ ಗದ್ದೆಯಂತೆ ಬಿರಿದಿತ್ತು. ನಾನು ಆ ದಾರಿಯಲ್ಲಿ ತಿಂಗಳಿಗೆ ಎರಡು ಸಲ ಹಾದುಹೋಗುತ್ತಿದ್ದೆ. ಟ್ರೇಲರನ್ನು ಕಾಣುತ್ತಿದ್ದೆನೇ ಹೊರತು ಟೈರನ್ನು ನೋಡಲಿಲ್ಲ. ಆ ತಪ್ಪು ನನ್ನದೂ ಹೌದು. ಆದುದರಿಂದಲೇ ಈ ವಿಷಯವನ್ನು ಊರೂರಿನಲ್ಲಿ ಹೇಳುತ್ತಿದ್ದೇನೆ.

ಬಿಸಿಲಿನಿಂದ ರಬ್ಬರಿಗೆ ಏನಾಗುತ್ತದೆ?

ರಬ್ಬರು ಮೂಲತಃ ಮರದ ಹಾಲು. ದಕ್ಷಿಣ ಕನ್ನಡದ ಸುಳ್ಯ, ಪುತ್ತೂರುಗಳ ಕಡೆಗೆ ಹೋದವರು ಆ ತೋಟಗಳನ್ನು ನೋಡಿರಬಹುದು. ಹಸಿ ರಬ್ಬರು ಸೆಕೆಗೆ ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಗಂಧಕ ಸೇರಿಸಿ ಕಾಯಿಸಿದರೆ ಅದು ಗಟ್ಟಿಯಾಗುವುದೆಂದು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡನು. 1888ರಲ್ಲಿ ಡನ್‌ಲಪ್ ಎಂಬ ದನದ ವೈದ್ಯನು ಗಾಳಿ ತುಂಬಿದ ಟೈರನ್ನು ಮಾಡಿದನು. ಮೊದಲಿನ ಟೈರುಗಳು ಬಿಳಿಚಿದ ಬಣ್ಣದವು. ಈಗಿನ ಟೈರು ಕಪ್ಪಾಗಿರುವುದು ಅದಕ್ಕೆ ನುಣ್ಣನೆಯ ಮಸಿ ಬೆರೆಸಿರುವುದರಿಂದ. ಆ ಮಸಿ ಟೈರಿಗೆ ಬಲ ಕೊಡುತ್ತದೆ, ಬಿಸಿಲಿನ ಕೆಡುಕು ಕಿರಣಗಳನ್ನೂ ಬಹುಮಟ್ಟಿಗೆ ತಡೆಯುತ್ತದೆ. ಆದರೆ ಅದೇ ಕಪ್ಪು ಬಣ್ಣದಿಂದ ಟೈರು ಬಿಸಿಲಲ್ಲಿ ಬೇಗನೆ ಕಾಯುತ್ತದೆ.

ಬಿಸಿಲಿನ ಜತೆಗೆ ಇನ್ನೊಬ್ಬ ಶತ್ರು ಇದ್ದಾನೆ. ಅದು ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಜೋನ್ ಎಂಬ ವಾಯು. ಎಳೆದು ಹಿಗ್ಗಿದ ರಬ್ಬರನ್ನು ಅದು ಸೀಳುತ್ತದೆ. ಹೇರು ಹೊತ್ತು ನಿಂತ ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಪಕ್ಕದ ಗೋಡೆ ಉಬ್ಬುತ್ತದೆ. ಉಬ್ಬಿದ ಕಡೆ ರಬ್ಬರು ಹಿಗ್ಗಿರುತ್ತದೆ. ಬಿರುಕು ಹೆಚ್ಚಾಗಿ ಅಲ್ಲಿಂದಲೇ ಹೊರಡುತ್ತದೆ.

ಇದಕ್ಕೆ ಟೈರು ಮಾಡುವವರು ಒಂದು ಉಪಾಯ ಮಾಡಿರುತ್ತಾರೆ. ರಬ್ಬರಿನೊಳಗೆ ಮೇಣವನ್ನೂ ಕೆಲವು ರಕ್ಷಕ ರಾಸಾಯನಿಕಗಳನ್ನೂ ಬೆರೆಸಿರುತ್ತಾರೆ. ಗಾಡಿ ಉರುಳುವಾಗ ಟೈರು ಬಾಗಿ ಬಳುಕಿ ಆ ಮೇಣ ಮೇಲ್ಮೈಗೆ ಬಂದು ತೆಳ್ಳಗೆ ಹರಡಿಕೊಳ್ಳುತ್ತದೆ. ನಿಂತ ಗಾಡಿಯಲ್ಲಿ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ. ದಿನವೂ ಓಡಾಡುವ ಟೈರಿಗಿಂತ ತಿಂಗಳುಗಟ್ಟಲೆ ನಿಂತ ಟೈರು ಬೇಗ ಬಿರಿಯುವುದು ಇದರಿಂದಲೇ.

ನನ್ನ ಮಾತನ್ನು ಹಾಗೆಯೇ ನಂಬಬೇಕಾಗಿಲ್ಲ, ತಾವೇ ಪರೀಕ್ಷಿಸಿ ನೋಡಬಹುದು. ಅಂಗಡಿಯಲ್ಲಿ ಪೊಟ್ಟಣಕ್ಕೆ ಹಾಕುವ ಎರಡು ರಬ್ಬರ್ ಬ್ಯಾಂಡುಗಳನ್ನು ತನ್ನಿ. ಒಂದನ್ನು ಕೋಲಿಗೆ ಬಿಗಿಯಾಗಿ ಎಳೆದು ಸುತ್ತಿ ಬಿಸಿಲಲ್ಲಿಡಿ. ಇನ್ನೊಂದನ್ನು ಎಳೆಯದೆ ಮುಚ್ಚಳವಿರುವ ಡಬ್ಬಿಯೊಳಗಿಡಿ. ಕೆಲವು ವಾರಗಳ ಮೇಲೆ ಎರಡನ್ನೂ ಎಳೆದು ನೋಡಿ. ಮನೆಯ ಮಕ್ಕಳಿಗೂ ತೋರಿಸಿ.

ನಾವು ಮಾಡಬೇಕಾದುದೇನು?

ಇದು ನಮಗೆ ಹೊಸ ವಿದ್ಯೆಯೇನೂ ಅಲ್ಲ. ಮಳೆಗಾಲ ಕಳೆದು ಸೂರ್ಯನು ದಕ್ಷಿಣಕ್ಕೆ ವಾಲಿದಾಗ ತೆಂಕು-ಪಡುವಣದ ಬಿಸಿಲು ಅಡಿಕೆ ಮರದ ಕಾಂಡವನ್ನು ಸುಡುತ್ತದೆ ಎಂದು ನಮ್ಮ ಹಿರಿಯರು ಬಲ್ಲರು. ಅದಕ್ಕಾಗಿ ಸೋಗೆ ಕಟ್ಟುತ್ತೇವೆ. ಮರಕ್ಕೆ ತೋರುವ ಆ ಕನಿಕರವನ್ನು ಟೈರಿಗೂ ತೋರಿಸಿದರೆ ಸಾಕು.

1. ಹೇರು ಇಳಿಸಿ, ಗಾಳಿ ನೋಡಿ. ಕೆಲಸ ಮುಗಿದ ದಿನವೇ ಟ್ರೇಲರನ್ನು ಖಾಲಿ ಮಾಡಿ. ಟೈರು ತಣ್ಣಗಿರುವಾಗ ತಯಾರಕರು ಹೇಳಿದಷ್ಟು ಗಾಳಿ ತುಂಬಿಸಿ.

2. ತೊಳೆದು ಒಣಗಿಸಿ. ಗೊಬ್ಬರ, ಕೆಸರು, ಎಣ್ಣೆಯ ಕಲೆಗಳನ್ನು ಸಾಬೂನು ನೀರಿನಿಂದ ತೊಳೆಯಿರಿ. ಹೊಳಪು ಬರಲೆಂದು ಸೀಮೆಎಣ್ಣೆ, ಡೀಸೆಲ್, ಹಳೆಯ ಎಂಜಿನ್ ಎಣ್ಣೆ ಎಂದೂ ಹಚ್ಚಬೇಡಿ. ಅವು ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತವೆ, ಒಳಗಿನ ಮೇಣವನ್ನೂ ಕದಡುತ್ತವೆ.

3. ಭಾರ ತಪ್ಪಿಸಿ. ಎರಡು ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಗಟ್ಟಿ ಸಮನೆಲದಲ್ಲಿ ಜ್ಯಾಕು ಕೊಟ್ಟು ಅಚ್ಚಿನ ಕೆಳಗೆ ಮರದ ದಿಮ್ಮಿಗಳನ್ನಿಡಿ. ಜ್ಯಾಕು ಕೊಡುವ ಮುನ್ನ ಎದುರು ಮಗ್ಗುಲಿನ ಚಕ್ರಕ್ಕೆ ಅಡ್ಡಗಲ್ಲು ಕೊಡಿ. ಚಿರೆಕಲ್ಲನ್ನು ಮಾತ್ರ ನಂಬಬೇಡಿ, ಭಾರಕ್ಕೆ ಅದು ಪುಡಿಯಾಗಬಹುದು. ಬರೀ ಜ್ಯಾಕಿನ ಮೇಲೆ ನಿಂತ ಟ್ರೇಲರಿನ ಕೆಳಗೆ ಯಾರೂ ತೂರಬಾರದು. ದಿಮ್ಮಿಗೆ ಒರಲೆ ಹಿಡಿಯದಂತೆ ಆಗಾಗ ನೋಡುತ್ತಿರಿ. ದಿಮ್ಮಿ ಕೊಡಲಾಗದವರು ಟೈರಿನ ಕೆಳಗೆ ಹಲಗೆ ಹಾಕಿ, ತಿಂಗಳಿಗೊಮ್ಮೆ ಟ್ರೇಲರನ್ನು ಅಂಗಳದಲ್ಲಿ ಒಂದು ಸುತ್ತು ಎಳೆದು ತರಲಿ.

4. ನೆರಳು ಕೊಡಿ. ಮಾಡಿನ ಕೆಳಗೆ ಜಾಗವಿದ್ದರೆ ಅದೇ ಉತ್ತಮ. ಇಲ್ಲದಿದ್ದರೆ ತೆಂಗಿನ ಮಡಲಿನ ತಟ್ಟಿ, ಅಡಿಕೆ ಸೋಗೆ, ಹಳೆಯ ಗೋಣಿ, ಮುರಿದ ಹಲಗೆ ಯಾವುದಾದರೂ ಆದೀತು. ತಟ್ಟಿ ಟೈರಿಗೆ ಅಂಟಿಕೊಳ್ಳದೆ ಒಂದು ಗೇಣು ದೂರವಿರಲಿ, ಗಾಳಿಯಾಡಲಿ. ಕಪ್ಪು ಪ್ಲಾಸ್ಟಿಕ್ಕನ್ನು ಬಿಗಿಯಾಗಿ ಸುತ್ತಬೇಡಿ, ಅದು ಸೆಕೆಯನ್ನೂ ತೇವವನ್ನೂ ಒಳಗೇ ಹಿಡಿದಿಡುತ್ತದೆ.

ನೆರಳು ಸರಿಯುತ್ತದೆ ಎಂಬುದನ್ನೂ ಗಮನಿಸಬೇಕು. ಚಳಿಗಾಲದಲ್ಲಿ ಮನೆಯ ಬಡಗು ಗೋಡೆಯ ಬದಿಗೆ ಒಳ್ಳೆಯ ನೆರಳಿರುತ್ತದೆ. ಆದರೆ ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯನು ನಡುಹಗಲಿನಲ್ಲಿ ನೇರ ನೆತ್ತಿಯ ಮೇಲೆ ಬಂದು, ಆಮೇಲೆ ಆಗಸ್ಟ್ ಮಧ್ಯದ ತನಕ ಬಡಗಿಗೆ ವಾಲಿರುತ್ತಾನೆ. ಜನವರಿಯಲ್ಲಿ ಕೊಟ್ಟ ನೆರಳು ಮೇ ತಿಂಗಳಲ್ಲಿ ಇರುವುದಿಲ್ಲ. ತೆಂಗಿನ ಮರದ ಚದುರಿದ ನೆರಳೂ ಸಾಲದು.

5. ಬಿಚ್ಚಿದ ಚಕ್ರಗಳನ್ನು ಮರೆಯಬೇಡಿ. ಮಳೆಗಾಲದಲ್ಲಿ ಗದ್ದೆ ಹೂಡಲು ಟಿಲ್ಲರಿಗೆ ಕಬ್ಬಿಣದ ಚಕ್ರ ಹಾಕಿ, ರಬ್ಬರಿನ ಚಕ್ರಗಳನ್ನು ಅಂಗಳದಲ್ಲಿ ಒಗೆಯುವುದುಂಟು. ಅವುಗಳನ್ನು ಒಣಗಿದ, ಕತ್ತಲೆಯ ಮೂಲೆಯಲ್ಲಿಡಿ. ವಿದ್ಯುತ್ ಪಂಪು ಇರುವ ಕೋಣೆ ಬೇಡ, ಮೋಟಾರಿನ ಕಿಡಿಯಿಂದಲೂ ಓಜೋನ್ ಹುಟ್ಟುತ್ತದೆ. ಅಘನಾಶಿನಿ, ಶರಾವತಿಗಳ ಹಿನ್ನೀರಿನ ಬದಿಯ ಊರುಗಳಲ್ಲಿ ಉಪ್ಪುಗಾಳಿಗೆ ಚಕ್ರದ ಕಬ್ಬಿಣವೂ ತುಕ್ಕು ಹಿಡಿಯುತ್ತದೆ. ತುಕ್ಕಿನ ಅಂಚು ಒಳಗಿನ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ. ಅದನ್ನು ಕೆರೆದು ಬಣ್ಣ ಬಳಿಯಿರಿ.

6. ಹೇರುವ ಮುನ್ನ ಪರೀಕ್ಷಿಸಿ. ಪಕ್ಕದ ಗೋಡೆಯನ್ನು ಎರಡೂ ಬದಿಗೆ ಸುತ್ತಲೂ ನೋಡಿ. ಕೂದಲೆಳೆಯಂಥ ಗೆರೆಗಳಿದ್ದರೆ ಟೈರನ್ನು ತಿಳಿದವರಿಗೆ ತೋರಿಸಿ. ಬಿರುಕು ಆಳವಾಗಿದ್ದರೆ, ಒಳಗಿನ ದಾರ ಕಂಡರೆ, ಎಲ್ಲಿಯಾದರೂ ಗುಳ್ಳೆಯಂತೆ ಉಬ್ಬಿದ್ದರೆ ಆ ಟೈರಿನ ಆಯುಷ್ಯ ತೀರಿತೆಂದು ತಿಳಿಯಬೇಕು. ಹಲ್ಲು ಎಷ್ಟು ಉಳಿದಿದ್ದರೂ ಅದರ ಮೇಲೆ ಹೇರು ಹೇರಬಾರದು. ಟೈರು ಗಟ್ಟಿಯಿರಲಿ, ಹಳತಿರಲಿ, ಹೇರಿನ ಮೇಲೆ ಆಳು ಮಕ್ಕಳನ್ನು ಕೂರಿಸಲೇಬಾರದು.

ಪೇಟೆಯಲ್ಲಿ ಹಳೆಯ ಟೈರು ಕೊಳ್ಳುವವರು ಇನ್ನೊಂದು ಗುರುತು ತಿಳಿದಿರಲಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಮುದ್ರೆ ಇರುತ್ತದೆ. ಅದು 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಹಲ್ಲು ಚೆನ್ನಾಗಿದೆಯೆಂದು ಅಂಗಡಿಯವರು ಹೇಳಿದರೂ ಈ ಅಂಕಿಯನ್ನು ನೋಡದೆ ಹಣ ಕೊಡಬೇಡಿ.

ಈ ಮೊದಲಿನ ಒಂದು ಸಭೆಯಲ್ಲಿ ಹಿರಿಯರೊಬ್ಬರು, "ತಮ್ಮಾ, ಅಡಿಕೆ ಮರಕ್ಕೆ ಸುಣ್ಣ ಬಳಿದ ಹಾಗೆ ಟೈರಿಗೂ ಬಳಿದರೆ ಆಗದೋ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಸುಣ್ಣ ಬಳಿದರೆ ಬಿರುಕು ಕಣ್ಣಿಗೆ ಬೀಳದೆ ಹೋಗುತ್ತದೆ. ನಮಗೆ ಬೇಕಾದುದು ಬಿರುಕು ಬಾರದಂತೆ ತಡೆಯುವುದು, ಬಂದರೆ ಒಡನೆ ಕಾಣುವುದು. ಆದುದರಿಂದ ಸುಣ್ಣ ಬೇಡ, ತಟ್ಟಿಯೇ ಸಾಕು.

ಬಾಂಧವರೇ, ಒಂದು ಜೊತೆ ಟೈರಿಗೆ ಎಷ್ಟು ಹಣ ಬೀಳುತ್ತದೆ, ಅದು ಎಷ್ಟು ಮೂಟೆ ಭತ್ತದ ಬೆಲೆ ಎಂಬುದನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ಎರಡು ಮಡಲಿನ ತಟ್ಟಿ ಹೆಣೆಯಲು ಒಂದು ಸಂಜೆ ಸಾಕು, ಕಾಸು ಖರ್ಚಿಲ್ಲ. ಕೈ ಮುರಿದುಕೊಂಡ ಆ ಹುಡುಗ ಈಗ ಗುಣವಾಗಿದ್ದಾನೆ. ಅವನ ಮನೆಯ ಟ್ರೇಲರ್ ಈ ವರ್ಷ ದಿಮ್ಮಿಯ ಮೇಲೆ, ತಟ್ಟಿಯ ಮರೆಯಲ್ಲಿ ನಿಂತಿದೆ. ತಟ್ಟಿಯನ್ನು ಕಟ್ಟಿದವನು ಅವನೇ. ಅಂಥ ಪಾಠವನ್ನು ನಮ್ಮಲ್ಲಿ ಇನ್ನೊಬ್ಬರು ನೋವು ತಿಂದು ಕಲಿಯುವುದು ಬೇಡ. ಇಂದು ಮನೆಗೆ ಹೋದೊಡನೆ ತಮ್ಮ ಟ್ರೇಲರಿನ ಪಡುವಣ ಮಗ್ಗುಲಿನ ಟೈರನ್ನು ಬಾಗಿ ನೋಡಿ. ಸಂಶಯವಿದ್ದರೆ ನನಗೆ ಹೇಳಿ ಕಳುಹಿಸಿ, ಬಂದು ನೋಡುತ್ತೇನೆ.