ಸಂದೇಶದ ದಲ್ಲಾಳಿ
(ಶತಮಾನೋತ್ಸವದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಪ್ರವೇಶದ ದಿನಗಳಲ್ಲಿ ಪಾಲಕರು ನಮ್ಮನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಕನ್ನಡದಲ್ಲಿ ಓದಿದ ಮಗುವಿಗೆ ಗಣಕವಿದ್ಯೆ ತಿಳಿದೀತೇ?" ಇಂದು ಅದಕ್ಕೆ ಆಶ್ವಾಸನೆಯ ಬದಲು ಒಂದು ಪಾಠದಿಂದಲೇ ಉತ್ತರಿಸಬಯಸುತ್ತೇವೆ.

ಸಾಂಗಲಿಯ ಅರಿಶಿನ ಪೇಟೆಯನ್ನು ನೀವೆಲ್ಲರೂ ಬಲ್ಲಿರಿ. ರೈತನಿಗೆ ದೂರದ ಖರೀದಿದಾರನ ಪರಿಚಯವಿಲ್ಲ, ನಡುವೆ ದಲ್ಲಾಳಿಯಿರುತ್ತಾನೆ. ಗಣಕಜಾಲದಲ್ಲಿಯೂ ಇಂಥ ದಲ್ಲಾಳಿಯುಂಟು. ಬ್ರೋಕರ್ ಎಂದೇ ಅದರ ಹೆಸರು. ಅದು ಸಾಗಿಸುವ ಸರಕು ಸಂದೇಶ. ನದಿಯ ಮಟ್ಟವನ್ನು ಅಳೆಯುವ ಸಾಧನವು 'ಕೃಷ್ಣೆಯ ಮಟ್ಟ' ಎಂಬ ಶೀರ್ಷಿಕೆಯಡಿ ಅಂಕಿಯನ್ನು ಒಪ್ಪಿಸಿದರೆ, ಆ ಶೀರ್ಷಿಕೆಗೆ ಚಂದಾದಾರರಾದವರಿಗೆಲ್ಲ ಬ್ರೋಕರ್ ಅದನ್ನು ತಲುಪಿಸುತ್ತದೆ.

ಇದಕ್ಕೆಂದು ಬಳಕೆಯಲ್ಲಿರುವ ಎಂಕ್ಯೂಟಿಟಿ ಎಂಬ ನಿಯಮಾವಳಿಯನ್ನು 1999ರಲ್ಲಿ ಆಂಡಿ ಸ್ಟ್ಯಾನ್‌ಫೋರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ರೂಪಿಸಿದರು. ತೈಲದ ಕೊಳವೆಮಾರ್ಗಗಳ ಮೇಲೆ ಉಪಗ್ರಹದ ಮೂಲಕ ನಿಗಾ ಇಡುವುದು ಅವರ ಉದ್ದೇಶವಾಗಿತ್ತು. ಆ ಸಂಪರ್ಕ ದುಬಾರಿಯಾದುದರಿಂದ ಸಂದೇಶದ ತಲೆಬರಹ ಎರಡೇ ಬೈಟುಗಳಲ್ಲಿ ಮುಗಿಯಬಲ್ಲಂತೆ ಮಾಡಿದರು.

ಎಂಟನೆಯ ತರಗತಿಯಲ್ಲಿ ಇದನ್ನು ಚೀಟಿಯಾಟವಾಗಿ ಆಡಿಸಿದೆವು. ಒಬ್ಬ ಹುಡುಗಿ ದಲ್ಲಾಳಿಯಾದಳು. ಮೊದಲು ಚೀಟಿಯನ್ನು ಒಮ್ಮೆ ಕಳುಹಿಸಿ ಸುಮ್ಮನಾದರು. ಕಳೆದದ್ದು ಕಳೆದೇ ಹೋಯಿತು. ಆಮೇಲೆ ರಸೀದಿ ಬರುವವರೆಗೆ ಮತ್ತೆ ಮತ್ತೆ ಕಳುಹಿಸಿದರು. "ರಸೀದಿಯೇ ಕಳೆದುಹೋದರೆ?" ಎಂದು ಒಬ್ಬ ಹುಡುಗ ಕೇಳಿದನು. ಹಾಗಾದಾಗ ಒಂದೇ ಚೀಟಿ ಎರಡು ಸಲ ಬಂದಿತು. ಅದನ್ನು ತಪ್ಪಿಸಲು ನಾಲ್ಕು ಹೆಜ್ಜೆಗಳ ವ್ಯವಹಾರ ಬೇಕಾಯಿತು. ಎಂಕ್ಯೂಟಿಟಿಯ ಮೂರು ಹಂತಗಳೂ ಇವೇ: ಹೆಚ್ಚೆಂದರೆ ಒಮ್ಮೆ, ಕನಿಷ್ಠ ಒಮ್ಮೆ, ಸರಿಯಾಗಿ ಒಮ್ಮೆ.

ಯಾವ ಹಂತ ಯಾವುದಕ್ಕೆ? 2019ರ ಆಗಸ್ಟಿನಲ್ಲಿ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆ 45 ಅಡಿಗಳ ಅಪಾಯ ಮಟ್ಟವನ್ನು ಮೀರಿ 57 ಅಡಿಗಳನ್ನೂ ದಾಟಿದುದನ್ನು ನಾವಾರೂ ಮರೆತಿಲ್ಲ. ಎರಡು ಸಲ ಬಂದ ಎಚ್ಚರಿಕೆಯಿಂದ ಕೇಡಿಲ್ಲ, ಬಾರದ ಎಚ್ಚರಿಕೆಯಿಂದ ಉಂಟು. ಆದ್ದರಿಂದ ಮಕ್ಕಳು ಎರಡನೆಯ ಹಂತವನ್ನೇ ಆರಿಸಿದರು. ಅಳೆಯುವ ಸಾಧನವೇ ಮುಳುಗಿ ಮೌನವಾದರೆ, ಅದು ಮೊದಲೇ ಒಪ್ಪಿಸಿದ್ದ 'ಉಯಿಲು' ಚಂದಾದಾರರಿಗೆ ತಲುಪುವ ಏರ್ಪಾಡೂ ಇದೆ.

ಬ್ರೋಕರ್ ಅಲ್ಪ ಸ್ಮೃತಿಯಲ್ಲಿ ಹಗಲಿರುಳು ನಡೆಯಬೇಕು. ಮೊಸ್ಕಿಟೊ ಎಂಬ ಪ್ರಸಿದ್ಧ ಬ್ರೋಕರ್ ಸಿ ಭಾಷೆಯಲ್ಲಿದೆ. ಅಲ್ಲಿ ಪಡೆದ ಸ್ಮೃತಿಯನ್ನು ಮರಳಿ ಬಿಡುವ ಹೊಣೆ ಬರೆದವರದೇ. ತಪ್ಪಿದರೆ ತಂತ್ರಾಂಶ ಕುಸಿಯಬಹುದು. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆಯು ಇಂಥ ಬಹುಪಾಲು ತಪ್ಪುಗಳನ್ನು ತಂತ್ರಾಂಶ ಓಡುವ ಮುನ್ನವೇ ತಡೆಯುತ್ತದೆ. ಬೆಂಗಳೂರಿನ ಬೈಟ್‌ಬೀಮ್ ಸಂಸ್ಥೆಯು ರಸ್ಟ್‌ನಲ್ಲಿ ರಮ್‌ಕ್ಯೂಟಿಟಿಡಿ ಎಂಬ ಬ್ರೋಕರನ್ನು ಕಟ್ಟಿ, ಅದರ ಮೂಲ ಬರಹವನ್ನು ಯಾರಾದರೂ ಓದುವಂತೆ ತೆರೆದಿಟ್ಟಿದೆ.

ಆ ಬರಹದ ಪದಗಳು ಇಂಗ್ಲಿಷಿನವು. ನಮ್ಮ ಮಕ್ಕಳು ಅವನ್ನು ಕಲಿಯಲೇಬೇಕು. ನಮ್ಮ ಇಂಗ್ಲಿಷ್ ಬೋಧನೆ ಇನ್ನೂ ಗಟ್ಟಿಯಾಗಬೇಕೆಂದು ಒಪ್ಪುತ್ತೇವೆ. ಆದರೆ ರಸೀದಿ ಕಳೆದರೇನು ಗತಿ ಎಂಬ ಪ್ರಶ್ನೆ ಆ ಹುಡುಗನಿಗೆ ಹೊಳೆದದ್ದು ಕನ್ನಡದಲ್ಲಿ. ಪಾಲಕರ ಪ್ರಶ್ನೆಗೆ ಅದೇ ನಮ್ಮ ಉತ್ತರ.

ಈ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ: ಒಂದು ಶನಿವಾರ ಬನ್ನಿ. ನಾವು ಚೀಟಿಗಳಿಂದ ತೋರಿಸಿದುದನ್ನು ನೀವು ಯಂತ್ರದಲ್ಲಿ ತೋರಿಸಿಕೊಡಿ. ಮಕ್ಕಳು ಕಾದಿದ್ದಾರೆ.